ಚಾರ್ಮಾಡಿ ಘಾಟಿಯಲ್ಲೂ ಅಲುಗದ ಹಾಗೆ ಟಾಪ್ ಬಾಕ್ಸ್ ಕೂರಿಸೋದು ಹೇಗೆ

ನನ್ನ ಮೊದಲ ರ‍್ಯಾಕ್ (ಬೈಕಿನ ಹಿಂದೆ ಟಾಪ್ ಬಾಕ್ಸ್ ಅನ್ನೋ ಸಾಮಾನಿನ ಪೆಟ್ಟಿಗೆ ಕೂರಿಸೋ ಕಂಬಿ ಚೌಕಟ್ಟು) ಊರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ನೋಡೋಕೆ ಗಟ್ಟಿಮುಟ್ಟಾಗಿಯೇ ಇತ್ತು. ಒಂದು ಭಾನುವಾರ ಚಿಕ್ಕಮಗಳೂರಿಂದ ಹೊರಟು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಗಾಡಿ ಹತ್ತಿರ ಬಂದರೆ ಬಾಕ್ಸ್ ಒಂದು ಪಕ್ಕಕ್ಕೆ ವಾಲಿಕೊಂಡಿದೆ. ಕೆಳಗೆ ಕೈ ಹಾಕಿ ನೋಡಿದೆ. ಎಡಗಡೆ ಬೋಲ್ಟೇ ಇಲ್ಲ, ಬರೀ ತೂತು. ಬಲಗಡೆ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಒಳಗೆ ಆಗಲೇ ಕೆಂಪು ತುಕ್ಕು. ಅಂದರೆ ಅವತ್ತು ಬಿಟ್ಟಿದ್ದಲ್ಲ, ಸುಮಾರು ದಿನದಿಂದ ಬಿಡ್ತಾ ಬಂದಿತ್ತು. ಹಿಂದೆ ಅಮ್ಮ ಕೂತಿದ್ದರು. ಘಾಟಿ ಇಳಿಯೋ ಯೋಚನೆ ಬಿಟ್ಟೆ. ಬಾಕ್ಸ್ ಬಿಚ್ಚಿ ಹೋಟೆಲಿನವರ ಹತ್ತಿರ ಇಟ್ಟು ನಿಧಾನಕ್ಕೆ ವಾಪಸ್ ಬಂದೆವು.

ಎರಡನೇ ಸಲ ರ‍್ಯಾಕ್ ತಂದು ನಾನೇ ಕೂತು ಫಿಟ್ ಮಾಡಿದೆ. ಮೂರು ಮಳೆಗಾಲ ಕಳೆದಿದೆ, ಅಲುಗಿಲ್ಲ. ನನ್ನದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಕ್ರೂಸರ್ ಬೈಕು. ನಿಮ್ಮದು ಅವೆಂಜರ್ ಇರಲಿ, ಹಳೆಯ ಥಂಡರ್‌ಬರ್ಡ್ ಇರಲಿ, ಬೋಲ್ಟಿನ ಜಾಗ ಬದಲಾಗುತ್ತೆ ಅಷ್ಟೆ, ಕೆಲಸದ ಕ್ರಮ ಇದೇ.

ಬಾಕ್ಸ್ ತಗೊಳ್ಳೋ ಮುಂಚೆ ತೂಕದ ಲೆಕ್ಕ ಮಾಡಿಕೊಳ್ಳಿ. ಕ್ರೂಸರ್‌ನಲ್ಲಿ ನಾವು ಕೂರೋದೇ ಹಿಂದಕ್ಕೆ, ಕಾಲು ಮಾತ್ರ ಮುಂದಕ್ಕೆ. ಹಿಂದೆ ಇನ್ನೊಬ್ಬರಿಗೆ ಜಾಗ ಬಿಟ್ಟರೆ ಬಾಕ್ಸ್ ಹಿಂದಿನ ಆಕ್ಸಲ್‌ಗಿಂತಲೂ (ಚಕ್ರದ ಅಚ್ಚು) ಹಿಂದೆ ಹೋಗಿ ನೇತಾಡುತ್ತೆ. ಮೀಟಿಯರ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ 1400 ಮಿ.ಮೀ. ಬಾಕ್ಸು, ಸಾಮಾನು ಎಲ್ಲ ಸೇರಿ 10 ಕೆ.ಜಿ. ಇದೆ, ಅದರ ಮಧ್ಯಭಾಗ ಆಕ್ಸಲ್‌ನಿಂದ 35 ಸೆಂ.ಮೀ. ಹಿಂದಿದೆ ಅಂದುಕೊಳ್ಳಿ. ಆಗ ಹಿಂದಿನ ಚಕ್ರದ ಮೇಲೆ ಬೀಳೋದು 10 ಅಲ್ಲ, 12.5 ಕೆ.ಜಿ. ಆ ಎರಡೂವರೆ ಕೆ.ಜಿ. ಮುಂದಿನ ಚಕ್ರದಿಂದ ಎತ್ತಿಕೊಂಡಿದ್ದು. ಬಾಕ್ಸ್ ಒಂದು ಗೇಣು ಮುಂದೆ ಬಂದರೂ ಈ ಎಳೆತ ಅರ್ಧಕ್ಕಿಂತ ಕಡಿಮೆಯಾಗುತ್ತೆ. ಕೈಮರ ದಾಟಿ ಮುಳ್ಳಯ್ಯನಗಿರಿ ಏರುವಾಗ ಭಾರ ಮೊದಲೇ ಹಿಂದಕ್ಕೆ ಜಗ್ಗುತ್ತಿರುತ್ತೆ. ಅಲ್ಲಿ ಹ್ಯಾಂಡಲ್ ಹಗುರಾದದ್ದು ಕೈಗೇ ಗೊತ್ತಾಗುತ್ತೆ.

ಅದಕ್ಕೇ ದೊಡ್ಡ ಬಾಕ್ಸಿನ ಆಸೆ ಬೇಡ. 45 ಲೀಟರ್ ಅನ್ನೋದು ಜಾಗದ ಅಳತೆ, ತೂಕದ್ದಲ್ಲ. ಒಂದು ಫುಲ್ ಫೇಸ್ ಹೆಲ್ಮೆಟ್‌ಗೆ 30 ಲೀಟರ್ ಆಸುಪಾಸಿನದು ಸಾಕು. ಎಷ್ಟು ಕೆ.ಜಿ. ಹಾಕಬಹುದು ಅಂತ ಬಾಕ್ಸಿನ ಜೊತೆ ಬರೆದು ಕೊಟ್ಟಿರುತ್ತಾರೆ, ರ‍್ಯಾಕಿಗೂ ಅದರದ್ದೇ ಮಿತಿ ಇರುತ್ತೆ. ರ‍್ಯಾಕಿನ ಮಿತಿಯಲ್ಲಿ ಬಾಕ್ಸಿನ ತೂಕವನ್ನೂ ಸೇರಿಸಿಕೊಳ್ಳಿ, ಯಾಕಂದ್ರೆ ಖಾಲಿ ಬಾಕ್ಸೇ 3-4 ಕೆ.ಜಿ. ತೂಗುತ್ತೆ.

ರ‍್ಯಾಕ್ ಆರಿಸುವಾಗ ಒಂದೇ ಒಂದು ವಿಷಯ ನೋಡಿ: ಅದು ಎಲ್ಲಿಗೆ ಕೂರುತ್ತೆ? ಮಡ್‌ಗಾರ್ಡ್ ತಗಡಿಗೆ ಮಾತ್ರ ಕೂರೋ ರ‍್ಯಾಕ್ ಬೇಡವೇ ಬೇಡ. ಫ್ರೇಮಿನ ಬೋಲ್ಟುಗಳಿಗೆ ಎರಡೂ ಪಕ್ಕದಲ್ಲಿ ಕೂರಬೇಕು, ಪ್ರತಿ ಪಕ್ಕದಲ್ಲೂ ಕನಿಷ್ಠ ಎರಡು ಜಾಗದಲ್ಲಿ ಹಿಡಿತ ಇರಬೇಕು. ಒಂದೇ ಬೋಲ್ಟ್ ಇದ್ದರೆ ಅದರ ಸುತ್ತ ರ‍್ಯಾಕ್ ತಿರುಗೋಕೆ ನೋಡುತ್ತೆ, ಗುಂಡಿ ಗುಂಡಿಗೂ ಒಂದೊಂದು ಕೂದಲಿನಷ್ಟು ಸಡಿಲ ಆಗ್ತಾ ಹೋಗುತ್ತೆ. ನನ್ನ ಮೊದಲ ರ‍್ಯಾಕ್ ಹೋಗಿದ್ದು ಹೀಗೇ. ನಿಮ್ಮ ಮಾಡೆಲಿಗೇ ಅಂತ ಮಾಡಿದ ರ‍್ಯಾಕಿಗೆ ದುಡ್ಡು ಜಾಸ್ತಿ ಆದರೂ ಕೊಡಿ. ಬಾಕ್ಸಿನಲ್ಲಿ ಬೇಕಾದರೆ ಉಳಿಸಿ.

ಇನ್ನು ಹಿಂದೆ ಕೂರುವವರ ವಿಷಯ. ಕೆಲವು ರ‍್ಯಾಕ್ ಕೂರಿಸೋಕೆ ಹಿಂದಿನ ಹಿಡಿಕೆಯನ್ನೇ ಬಿಚ್ಚಬೇಕಾಗುತ್ತೆ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡೋ ಜಾಗ, ಹಿಂಚಕ್ರಕ್ಕೆ ಅರ್ಧವಾದರೂ ಮರೆ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತೆ. ಆದ್ದರಿಂದ ರ‍್ಯಾಕಿನ ಕಂಬಿಯನ್ನೇ ಕೈಯಲ್ಲಿ ಹಿಡಿಯುವಂತಿರಬೇಕು. ಸೀರೆ ಗಾರ್ಡ್ ಬೋಲ್ಟಿನ ಹತ್ತಿರವೇ ರ‍್ಯಾಕಿನ ಕಾಲು ಬರ್ತಾ ಇದ್ದರೆ ಗಾರ್ಡ್ ತೆಗೆದು ಬಿಸಾಕಬೇಡಿ, ಸ್ವಲ್ಪ ಉದ್ದದ ಬೋಲ್ಟ್ ತಂದು ಎರಡನ್ನೂ ಕೂರಿಸಿ. ನಮ್ಮ ಮನೆಗಳಲ್ಲಿ ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕೂರುವವರು ಇದ್ದಾರೆ ಅಲ್ವಾ?

ಈಗ ಕೆಲಸ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಭಾಗ ತೊಳೆದು ಒಣಗಿಸಿ. 10, 12, 13ರ ಸ್ಪ್ಯಾನರ್, 5 ಮತ್ತು 6 ಮಿ.ಮೀ. ಅಲೆನ್ ಕೀ, ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟ್ ಸಡಿಲ ಆಗದ ಹಾಗೆ ಹಿಡಿಯೋ ಅಂಟು), ಹೊಸ ನೈಲಾಕ್ ನಟ್ಟುಗಳು (ಒಳಗೆ ನೈಲಾನ್ ಬಳೆ ಇರೋವು) ಇದ್ದರೆ ಸಾಕು. ಎಷ್ಟು ಬಿಗಿದೆ ಅಂತ ಅಳೆಯೋ ಟಾರ್ಕ್ ರೆಂಚ್ ಸಾಲ ಸಿಕ್ಕರೆ ಇಸ್ಕೊಂಡು ಬನ್ನಿ. ಒಂದು ಪಕ್ಕ ಪೂರ್ತಿ ಬಿಚ್ಚಿ, ಆ ಕಡೆಯ ಬೋಲ್ಟು, ವಾಷರ್, ಬುಷ್ (ಬೋಲ್ಟಿನ ಸುತ್ತ ಕೂರೋ ಸಣ್ಣ ಕೊಳವೆ) ಬಿಚ್ಚಿದ ಕ್ರಮದಲ್ಲೇ ಒಂದು ಹಳೆ ಪೇಪರ್ ಮೇಲೆ ಇಟ್ಟು ಫೋಟೋ ತೆಗೆದುಕೊಳ್ಳಿ. ಆ ಸಣ್ಣ ಬುಷ್ ಎಲ್ಲೋ ಬಿದ್ದು ಹೋಯ್ತು ಅಂದರೆ ಬೋಲ್ಟ್ ಎಷ್ಟು ಬಿಗಿದರೂ ತಗಡು ನಜ್ಜುತ್ತೆ, ಹಿಡಿತ ಬರಲ್ಲ.

ರ‍್ಯಾಕಿನ ಕಂಬಿಯ ದಪ್ಪ ಸೇರಿಕೊಳ್ಳೋದರಿಂದ ಹಳೆ ಬೋಲ್ಟ್ ಸಾಮಾನ್ಯವಾಗಿ ಸಾಲಲ್ಲ. 8 ಮಿ.ಮೀ. ದಪ್ಪದ ಬೋಲ್ಟ್ ಕನಿಷ್ಠ 8 ಮಿ.ಮೀ. ಆದರೂ ಥ್ರೆಡ್ ಒಳಗೆ ಹೋಗಬೇಕು. ಎರಡೇ ಸುತ್ತಿಗೆ ಕಚ್ಚಿಕೊಂಡಿದೆ ಅಂದರೆ ಅದು ಮೂಡಿಗೆರೆವರೆಗೂ ಬರಲ್ಲ. ಹಾಗಂತ ಬೇಕಾಬಿಟ್ಟಿ ಉದ್ದದ್ದೂ ಬೇಡ. ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಬೋಲ್ಟಿನ ತುದಿ ಟೈರ್ ಕಡೆ ಚಾಚಿಕೊಂಡಿದ್ದರೆ ತುಂಬಾ ಅಪಾಯ. ನಿಂತ ಗಾಡಿಯಲ್ಲಿ ಜಾಗ ಇದೆ ಅನಿಸುತ್ತೆ, ಆದರೆ ಇಬ್ಬರು ಕೂತು ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಬಂದು ಆ ತುದಿಗೆ ತಾಗಬಹುದು. ಮಡ್‌ಗಾರ್ಡ್ ತೂತುಗಳಲ್ಲಿ ಬೋಲ್ಟಿನ ತಲೆ ಟೈರ್ ಕಡೆ, ನಟ್ಟು ಹೊರಗೆ ಬರುವ ಹಾಗೆ ಹಾಕಿ.

ಎಲ್ಲಾ ಬೋಲ್ಟ್ ಮೊದಲು ಕೈಯಲ್ಲೇ ಎರಡು ಮೂರು ಸುತ್ತು ಹಾಕಿ ಬಿಡಿ. ಒಂದನ್ನೂ ಬಿಗಿಯಬೇಡಿ. ಎಲ್ಲ ಕಡೆ ಕಚ್ಚಿಕೊಂಡ ಮೇಲೆ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ರ‍್ಯಾಕ್ ಸೀಟಿಗೆ ನೇರವಾಗಿದೆಯಾ ನೋಡಿ. ಒಂದು ತೂತು ಸೇರ್ತಾ ಇಲ್ಲ ಅಂದರೆ ಬೋಲ್ಟ್ ಬಿಗಿದು ಎಳೆದು ಕೂರಿಸಬೇಡಿ, ಆ ಬಿಗಿತ ವೆಲ್ಡಿಂಗ್ ಮೇಲೆ ಕೂತು ಮುಂದೆ ಅಲ್ಲೇ ಬಿರುಕು ಬಿಡುತ್ತೆ. ವಾಷರ್ ಕೊಟ್ಟು ಸಂದಿ ತುಂಬಿ, ಇಲ್ಲಾ ಅರದಲ್ಲಿ ತೂತನ್ನು ಚೂರು ಉಜ್ಜಿ. ಆಮೇಲೆ ಒಂದೊಂದೇ ಬೋಲ್ಟ್ ಹೊರಗೆ ತೆಗೆದು, ಥ್ರೆಡ್ ಒರೆಸಿ, ಲಾಕರ್ ಎರಡು ಹನಿ ಹಾಕಿ, ಎಡ ಬಲ ಎಡ ಬಲ ಅಂತ ಬಿಗಿಯುತ್ತಾ ಬನ್ನಿ. ಕೈಪಿಡಿಯಲ್ಲಿ ಅಂಕಿ ಇದ್ದರೆ ಅದೇ ಸರಿ. ಇಲ್ಲದಿದ್ದರೆ ತಲೆ ಮೇಲೆ 8.8 ಅಂತ (ಬೋಲ್ಟಿನ ಗಟ್ಟಿತನದ ಗುರುತು) ಇರೋ 8 ಮಿ.ಮೀ. ಬೋಲ್ಟಿಗೆ 25 ನ್ಯೂಟನ್ ಮೀಟರ್ ಮೀರಬೇಡಿ, 6 ಮಿ.ಮೀ. ಬೋಲ್ಟಿಗೆ 10 ಸಾಕು.

ಬಾಕ್ಸ್ ಕೂರೋ ಅಡಿಯ ತಟ್ಟೆ ಪ್ಲಾಸ್ಟಿಕ್ಕಿನದಾದರೆ ಅಲ್ಲಿ ಥ್ರೆಡ್ ಲಾಕರ್ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಅದು ತಾಗಿದರೆ ಬಿರುಕು ಬಿಡುತ್ತೆ. ನೈಲಾಕ್ ನಟ್ಟು, ಅಗಲದ ವಾಷರ್ ಸಾಕು. ತಟ್ಟೆಯನ್ನು ಎಷ್ಟು ಮುಂದಕ್ಕೆ ಸರಿಯುತ್ತೋ ಅಷ್ಟು ಸರಿಸಿ, ಆದರೆ ಹಿಂದೆ ಕೂರುವವರನ್ನು ಕೂರಿಸಿಕೊಂಡೇ ಅಳತೆ ನೋಡಿ, ಬೆನ್ನಿಗೂ ಬಾಕ್ಸಿಗೂ ನಾಲ್ಕು ಬೆರಳು ಜಾಗ ಇರಲಿ. ಮುಚ್ಚಳ ತೆರೆದಾಗ ಬ್ಯಾಕ್‌ರೆಸ್ಟಿಗೆ ತಾಗಬಾರದು. ಹಿಂದಿನಿಂದ ನೋಡಿದರೆ ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಪೂರ್ತಿ ಕಾಣಬೇಕು.

ಮಳೆ ಪರೀಕ್ಷೆ ಮನೆಯಲ್ಲೇ ಮಾಡಿ. ಬಾಕ್ಸ್ ಒಳಗೆ ಒಣ ನ್ಯೂಸ್ ಪೇಪರ್ ಹಾಸಿ, ಬೀಗ ಹಾಕಿ, ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿ. ಮೇಲಿನಿಂದಷ್ಟೇ ಅಲ್ಲ, ಹಿಂಚಕ್ರ ನೀರು ಎರಚುವ ಹಾಗೆ ಕೆಳಗಿನಿಂದಲೂ. ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರಿಕೆ. ನನ್ನದರಲ್ಲಿ ತಳದ ಒಂದು ಸ್ಕ್ರೂ ಸುತ್ತ ರೂಪಾಯಿ ಅಗಲ ಒದ್ದೆ ಇತ್ತು, ರಬ್ಬರ್ ವಾಷರ್ ಹಾಕಿದ ಮೇಲೆ ನಿಂತಿತು. ಜುಲೈನಲ್ಲಿ ಆಲ್ದೂರು, ಬಾಳೆಹೊನ್ನೂರು ಕಡೆ ಓಡಾಡುವವರಿಗೆ ಇದು ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ.

ಸಾಮಾನು ತುಂಬುವಾಗ ಭಾರದ್ದು ತಳಕ್ಕೆ, ಸೀಟಿನ ಕಡೆಗೆ. ಟೂಲ್ಸು, ನೀರಿನ ಬಾಟ್ಲಿ ಬಾಕ್ಸಿಗಿಂತ ಸೈಡ್ ಬ್ಯಾಗಿನಲ್ಲಿರಲಿ. ಹಿಂದಿನ ಟೈರಿಗೆ ಇಬ್ಬರು ಕೂತಾಗಿನ ಗಾಳಿ ಹಾಕಿ, ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಒಂದೆರಡು ಮೆಟ್ಟಿಲು ಬಿಗಿ ಮಾಡಿ, ಎರಡೂ ಪಕ್ಕ ಸಮನಾಗಿ. ಮೊದಲ ದಿನವೇ ಘಾಟಿಗೆ ಹೋಗಬೇಡಿ. ಕಡೂರು ರಸ್ತೆಯಲ್ಲಿ ಬೆಳಗ್ಗೆ ಬೇಗ 40ರಲ್ಲಿ, ಆಮೇಲೆ 60ರಲ್ಲಿ ಹೋಗಿ, ಎರಡೂ ಕೈ ಹ್ಯಾಂಡಲ್ ಮೇಲೇ ಇಟ್ಟು, ಅದು ಅದುರುತ್ತಿದೆಯಾ ಅಂತ ಗಮನಿಸಿ. ಅದುರಿದರೆ ಬಾಕ್ಸಿನಿಂದ ತೂಕ ಇಳಿಸಿ, ಟೈರಿನ ಗಾಳಿ ಇನ್ನೊಂದು ಸಲ ನೋಡಿ. ಹತ್ತುವಾಗ ಇಳಿಯುವಾಗ ಕಾಲನ್ನು ಹಿಂದಿನಿಂದ ಬೀಸೋ ಅಭ್ಯಾಸ ಬಿಡಬೇಕು. ಬೂಟು ಬಾಕ್ಸಿಗೆ ತಾಗಿದರೆ ಗಾಡಿ ಸಮೇತ ಬೀಳ್ತೀರಿ. ಕ್ರೂಸರ್ ಸೀಟು ತಗ್ಗು, ಮುಂದಿನಿಂದಲೇ ಕಾಲು ದಾಟಿಸಬಹುದು.

ಬಿಗಿದಾದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಕಂಬಿಗೆ ನೈಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಿರಿ. ಕೆಂಪು ಬಣ್ಣದ್ದಾದರೆ ಕರಿ ರ‍್ಯಾಕಿನ ಮೇಲೆ ದೂರದಿಂದಲೇ ಕಾಣುತ್ತೆ. ಗೆರೆ ತುಂಡಾಗಿ ಹೊರಳಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ. ಮೊದಲ 100 ಕಿ.ಮೀ.ಗೆ ಒಂದು ಸಲ, 500ಕ್ಕೆ ಒಂದು ಸಲ, ಆಮೇಲೆ ಪ್ರತಿ ಸರ್ವಿಸಿನಲ್ಲಿ ನೋಡಿ. ಹಾಗೇ ಕಾಫಿ ಕೊಯ್ಲು ಶುರುವಾಗೋ ಹೊತ್ತಿಗೆ, ಮಳೆ ಬಿಟ್ಟ ಮೇಲೆ, ಒಂದು ಸಲ ತಟ್ಟೆ ಬಿಚ್ಚಿ ಅದರ ಅಡಿಯ ಕಂಬಿ ನೋಡಿ. ಕೆಸರು ಕೂತು ಪೇಂಟ್ ಸವೆಯೋದು ಅಲ್ಲೇ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಪೇಂಟ್ ಹಚ್ಚಿ, ಒಣಗಿದ ಮೇಲೆ ತಟ್ಟೆ ಹಾಕಿ, ಹೊಸ ಗೆರೆ ಎಳೆಯಿರಿ.