ಗೂಗ್ಲಿ ಮೊದಲು, ಲೆಗ್ ಬ್ರೇಕ್ ಆಮೇಲೆ: ಪೋಖರಾದಲ್ಲಿ ನನ್ನ ಅನುಭವ

"ಹುಡುಗನ ಕೈ ಕೆಡಿಸ್ತಿದೀರಿ ಸರ್" ಅಂತ ನೇಪಾಳದ ಪೋಖರಾದಲ್ಲಿ ನನಗೆ ಹೇಳದವರಿಲ್ಲ. ಲೆಗ್ ಸ್ಪಿನ್ ಕಲಿಯುವವರು ಮೊದಲು ಕಲಿಯುವುದು ಲೆಗ್ ಬ್ರೇಕ್, ಅಂದರೆ ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ತಿರುಗುವ ಬಾಲ್. ನಾನು 13 ವರ್ಷದವನಿಗೆ ಅದನ್ನು ಬಿಟ್ಟು ನೇರವಾಗಿ ಗೂಗ್ಲಿ ಹಿಡಿಸಿದ್ದೆ, ಅಂದರೆ ಲೆಗ್ ಬ್ರೇಕ್ ಹಾಗೇ ಕಂಡು ಒಳಕ್ಕೆ ತಿರುಗುವ ಬಾಲ್. ಹೋದ ಸೀಸನ್ನಿನಲ್ಲಿ ಅದೇ ಹುಡುಗ ಹಾಗೆ ಹೇಳಿದವರ ತಂಡದ 5 ವಿಕೆಟ್ ಕಿತ್ತ. ಈಗ ಬರೆಯಬಹುದು ಅನ್ನಿಸಿತು.

ನಾನು ಇಲ್ಲಿಗೆ ಬಂದದ್ದು ಮಣಿಪಾಲದವರ ಮೆಡಿಕಲ್ ಕಾಲೇಜಿನ ಕೆಲಸಕ್ಕೆ. ಸಂಜೆಯಾದರೆ ಸಿಮೆಂಟ್ ಪಿಚ್, ಏಳೆಂಟು ಹುಡುಗರು. ತಲೆಗೆ ಹುಳ ಬಿಟ್ಟವನು ನೇಪಾಳದ ಲೆಗ್ ಸ್ಪಿನ್ನರ್ ಸಂದೀಪ್ ಲಮಿಛಾನೆ. ಪಕ್ಕದ ಸ್ಯಾಂಗ್ಜಾ ಜಿಲ್ಲೆಯಲ್ಲಿ ಹುಟ್ಟಿ ಚಿತ್ವನ್‌ನಲ್ಲಿ ಕಲಿತವನು. 2016ರ ಅಂಡರ್-19 ವಿಶ್ವಕಪ್‌ನಲ್ಲಿ ಐರ್ಲೆಂಡ್ ಮೇಲೆ ಹ್ಯಾಟ್ರಿಕ್ ತೆಗೆದಾಗ ಅವನಿಗೆ ಇನ್ನೂ 15. 2018ರ ಮೇನಲ್ಲಿ ಡೆಲ್ಲಿ ಪರ ಮೊದಲ ಐಪಿಎಲ್ ಪಂದ್ಯ ಆಡಿದ್ದು ನಮ್ಮ ಆರ್‌ಸಿಬಿ ಮೇಲೆ. 4 ಓವರ್, 25 ರನ್, 1 ವಿಕೆಟ್. ಗೆದ್ದದ್ದು ನಾವೇ. ಆದರೂ ಆ ರಾತ್ರಿ ನಾನು ನೋಡಿದ್ದು ಅವನ ಮಣಿಕಟ್ಟನ್ನೇ. ಅವನ ಬಲವೇ ಗೂಗ್ಲಿ. ನಮ್ಮ ಕರ್ನಾಟಕದ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಅವರದ್ದೂ ಹಾಗೇ ಅಲ್ವಾ?

ಮೊದಲ ವರ್ಷ ಪೂರ್ತಿ ದಂಡ. ಆರು ಬಾಲಿನಲ್ಲಿ ನಾಲ್ಕು ಅರ್ಧ ಪಿಚ್‌ನಲ್ಲಿ ಬೀಳುತ್ತಿದ್ದವು, ಒಂದು ಬ್ಯಾಟ್ಸ್‌ಮನ್ ತಲೆ ಮೇಲೆ ಹೋಗುತ್ತಿತ್ತು. ಸೇತಿ ನದಿಯ ಕೊರಕಲು ಮೈದಾನದ ಪಕ್ಕದಲ್ಲೇ. ಅಲ್ಲಿಗೆ ಬಿದ್ದ ಬಾಲ್ ವಾಪಸ್ ಬರುವುದಿಲ್ಲ. ಸುಮಾರು 20 ಬಾಲ್ ಹೋದವು. ಒಂದೊಂದಕ್ಕೆ ಏಳೆಂಟು ನೂರು ನೇಪಾಳಿ ರೂಪಾಯಿ, ಲೆಕ್ಕ ಹಾಕಿಕೊಳ್ಳಿ. ಸಿಮೆಂಟ್ ಮೇಲೆ ಬಾಲ್ ಜಾಸ್ತಿ ಎದ್ದು ಎದೆಗೆ ಬರುತ್ತೆ ಅಂತ ನಾರಿನ ಮ್ಯಾಟ್ ತಂದೆ. 35,000 ನೇಪಾಳಿ, ನಮ್ಮ ದುಡ್ಡಲ್ಲಿ 22,000 ಹತ್ತಿರ. "ಮಳೆಗೆ ಏನೂ ಆಗಲ್ಲ" ಅಂದಿದ್ದ ಕೊಟ್ಟವನು. ಪೋಖರಾ ಮಳೆ ಅವನು ನೋಡಿರಲಿಲ್ಲ ಅಂತ ಕಾಣುತ್ತೆ. ಒಂದೇ ಮಳೆಗಾಲಕ್ಕೆ ಕೊಳೆತು, ಎತ್ತಿದರೆ ಕೈಗೆ ಬರುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಸುಂತಲಾ. ಇಲ್ಲಿಯ ಕಿತ್ತಳೆ. ಕೊಡಗಿನದ್ದರ ಹಾಗೆ ಸಿಪ್ಪೆ ಸಡಿಲ. ಗೂಗ್ಲಿ ಹಿಡಿತದಲ್ಲಿ ಹಿಡಿದು, ಒಂದು ಕೈಯಿಂದ ಇನ್ನೊಂದಕ್ಕೆ ಚಿಮ್ಮಿಸುತ್ತ ನಡೆಯಬೇಕು. ಗಟ್ಟಿ ಹಿಡಿದರೆ ಉಗುರು ಹೊಕ್ಕು ರಸ ಮೊಣಕೈವರೆಗೆ ಇಳಿಯುತ್ತೆ. ಸಡಿಲ ಬಿಟ್ಟರೆ ತಿರುಗುವುದೇ ಇಲ್ಲ. ಹುಡುಗ ಶಾಲೆಗೆ ಹೋಗಿ ಬರುವಾಗೆಲ್ಲ ಇದೇ ಮಾಡಿದ. ಸುಮಾರು ಎರಡು ತಿಂಗಳಿಗೆ ಸಿಪ್ಪೆ ಹರಿಯುವುದು ನಿಂತಿತು. ನೆಟ್ಸ್‌ನಲ್ಲಿ ಬಾಲ್ ಲೆಂತ್‌ಗೆ, ಅಂದರೆ ಬೀಳಬೇಕಾದ ಜಾಗಕ್ಕೆ, ಬೀಳತೊಡಗಿತು. ಈ ಉಪಾಯ ಯಾವ ಕೋಚಿಂಗ್ ಕೋರ್ಸಿನಲ್ಲೂ ನನಗೆ ಸಿಕ್ಕಿದ್ದಲ್ಲ. ಹೆಬ್ಬೆರಳು ಎಲ್ಲಿರಬೇಕು ಅಂತ ಕೇಳಬೇಡಿ, ಅದನ್ನು ಹೇಳಲ್ಲ.

ನಡುವೆ ಇನ್ನೊಂದು ಹುಚ್ಚು. ಬಾಲ್ ಯಾವ ಕಡೆ ತಿರುಗುತ್ತಿದೆ ಅಂತ ಕಾಣಲಿ ಎಂದು ಅರ್ಧ ಬಾಲಿಗೆ ಹೆಂಡತಿಯ ನೇಲ್ ಪಾಲಿಶ್ ಬಳಿದೆ. ಚೆನ್ನಾಗಿ ಕಂಡಿತು. ಬಣ್ಣ ಮಾತ್ರ ಹತ್ತು ಬಾಲಿಗೇ ಉದುರಿತು, ಮನೆಯಲ್ಲಿ ಎರಡು ದಿನ ಮಾತಿಲ್ಲ. ಒದ್ದೆ ಟೆನಿಸ್ ಬಾಲನ್ನೂ ಪ್ರಯತ್ನಿಸಿದೆ. ಸುಮ್ನೆ ಟೈಮ್ ವೇಸ್ಟ್.

ಗೂಗ್ಲಿ ರೂಢಿಯಾದರೆ ಲೆಗ್ ಬ್ರೇಕ್ ಸತ್ತೇ ಹೋಗುತ್ತೆ ಅನ್ನುವ ಭಯ ಇದೆಯಲ್ಲ, ಅದು ಸುಳ್ಳಲ್ಲ. ಸುಂತಲಾ ಹಿಡಿದ ನಾಲ್ಕನೇ ತಿಂಗಳಿಗೆ ಇವನ ಲೆಗ್ ಬ್ರೇಕೂ ಒಳಕ್ಕೇ ಬರತೊಡಗಿತು. ಆಗ ಮೂರು ವಾರ ಗೂಗ್ಲಿ ಪೂರ್ತಿ ಬಂದ್ ಮಾಡಿ, ಸುಂತಲಾವನ್ನೂ ಉಲ್ಟಾ ತಿರುಗಿಸಲು ಹೇಳಿದೆ. ಈಗ ಎರಡೂ ಇದೆ, ಲೆಗ್ ಬ್ರೇಕ್ ಸ್ವಲ್ಪ ನಿಧಾನ.

ಕೈ ಕೆಡುತ್ತೆ ಅಂದವರಲ್ಲಿ ಒಬ್ಬರು ಹೋದ ಚಳಿಗಾಲದಲ್ಲಿ ಮಗನನ್ನು ಕರೆದುಕೊಂಡು ಬಂದರು. ಜೊತೆಗೆ ಒಂದು ಬುಟ್ಟಿ ಸುಂತಲಾ. ಅರ್ಧ ನೆಟ್ಸ್‌ಗೆ ಹೋಯಿತು, ಇನ್ನರ್ಧ ನಾನೇ ತಿಂದೆ.