ಹಳೆ ಸ್ಪೀಕರ್ ಪೆಟ್ಟಿಗೆಗೆ ಹೊಸ ಮರದ ಮೈ

ಹಳೆ ಸ್ಪೀಕರ್‌ಗಳ ಕಥೆ ಬಹುತೇಕ ಒಂದೇ. ದನಿ ಗಟ್ಟಿಮುಟ್ಟಾಗಿರುತ್ತದೆ, ಮೈ ಮಾತ್ರ ಹಾಳಾಗಿರುತ್ತದೆ. ಮೂಲೆಯಲ್ಲಿ ಸಿಪ್ಪೆ ಎದ್ದಿರುತ್ತದೆ, ಮೇಲೆ ಯಾರೋ ಇಟ್ಟ ಲೋಟದ ದುಂಡನೆಯ ಕಲೆ ಇರುತ್ತದೆ. ಇದಕ್ಕೆ ಮದ್ದು ವಿನೀರ್, ಅಂದರೆ ಮರದಿಂದ ತೆಳ್ಳಗೆ ಸೀಳಿದ ಹಾಳೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಅಷ್ಟೇ.

ಕೆಲಸ ಶುರು ಮಾಡುವ ಮೊದಲು ಪೆಟ್ಟಿಗೆಯನ್ನು ಸರಿಯಾಗಿ ನೋಡಿ. 1970ರ ದಶಕದ ಎಷ್ಟೋ ಸ್ಪೀಕರ್‌ಗಳಿಗೆ ಕಾರ್ಖಾನೆಯಲ್ಲೇ ವಾಲ್ನಟ್ ವಿನೀರ್ ಅಂಟಿಸಿರುತ್ತಿದ್ದರು. ಮರದ ಗೆರೆಗಳ ಚಿತ್ರ ಅಲ್ಲಲ್ಲಿ ಹಾಗೇ ಮರುಕಳಿಸಿದರೆ, ಅಂಚನ್ನು ಉಗುರಿನಿಂದ ಕೆದಕಿದಾಗ ಪ್ಲಾಸ್ಟಿಕ್ ಪೊರೆ ಎದ್ದರೆ, ಅದು ವಿನೈಲ್. ನಿಜವಾದ ಮರವಾಗಿದ್ದರೆ ಹಗುರಾಗಿ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು. ಅದರ ಮೇಲೆ ಹೊಸ ಹಾಳೆ ಅಂಟಿಸುವುದು ಸುಮ್ನೆ ದಂಡ.

ವಿನೈಲ್ ಆಗಿದ್ದರೆ, ಮೊದಲು ಸ್ಪೀಕರ್‌ಗಳನ್ನು ಪೆಟ್ಟಿಗೆಯಿಂದ ಬಿಚ್ಚಿ. ವೈರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ, ಪ್ಲಸ್ ಯಾವುದೆಂದು ಗುರುತು ಹಾಕಿ. ಇಲ್ಲೊಂದು ಎಚ್ಚರ: ಸ್ಪೀಕರ್ ಹಿಂದಿನ ಆಯಸ್ಕಾಂತ ಸ್ಕ್ರೂಡ್ರೈವರನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ನಾನು ಒಮ್ಮೆ ಹೀಗೇ ಕೋನ್‌ಗೆ, ಅಂದರೆ ಅದುರಿ ದನಿ ಹೊರಡಿಸುವ ಕಾಗದದ ಬಟ್ಟಲಿಗೆ, ತೂತು ಮಾಡಿಕೊಂಡಿದ್ದೇನೆ. ಸ್ಕ್ರೂ ಬಿಚ್ಚುವಾಗ ಇನ್ನೊಂದು ಕೈಯನ್ನು ಕೋನ್‌ಗೆ ಅಡ್ಡ ಹಿಡಿಯಿರಿ.

ವಿನೈಲನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ನಿಧಾನವಾಗಿ ಸುಲಿಯಿರಿ. ಕೆಳಗೆ ಸಿಗುವುದು ಸಾಮಾನ್ಯವಾಗಿ ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ. ಅದಕ್ಕೆ ನೀರು ತಾಗಿಸಬೇಡಿ, ಊದಿಕೊಳ್ಳುತ್ತದೆ. ಮುರಿದ ಮೂಲೆಗಳಿಗೆ ಫಿಲ್ಲರ್ ತುಂಬಿ, ಒಣಗಿದ ಮೇಲೆ ಮಟ್ಟಸವಾಗಿ ಉಜ್ಜಿ. ಆಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತದೆ. ಈಗ ಬಿಟ್ಟ ಸಣ್ಣ ಗುಂಡಿ ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ, ಅವಸರ ಮಾಡುವವರು ಎಡವುವುದೂ ಇಲ್ಲೇ.

ಇನ್ನು ಹಾಳೆ ಕತ್ತರಿಸುವುದು. ಎಲ್ಲ ಕಡೆಯೂ 10 ಮಿಲಿಮೀಟರ್ ಜಾಸ್ತಿ ಬಿಡಿ. ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್ ಇರಲಿ. ಒಂದೇ ಏಟಿಗೆ ಕೊಯ್ಯದೆ ನಾಲ್ಕೈದು ಸಲ ಹಗುರಾಗಿ ಎಳೆಯಿರಿ. ನಾರಿಗೆ ಅಡ್ಡಲಾಗಿ ಕೊಯ್ಯುವ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೆ ಸೀಳುವುದಿಲ್ಲ. ಜೋಡಿ ಸ್ಪೀಕರ್ ಅಲ್ವಾ, ಒಂದೇ ದಿಮ್ಮಿಯಿಂದ ಒಂದರ ಹಿಂದೆ ಒಂದು ಬಂದ ಹಾಳೆಗಳನ್ನೇ ತೆಗೆದುಕೊಳ್ಳಿ. ಆಗ ಎರಡೂ ಒಡಹುಟ್ಟಿದ ಹಾಗೆ ಕಾಣುತ್ತವೆ.

ಅಂಟಿನ ವಿಷಯದಲ್ಲಿ ಎರಡು ದಾರಿ. ಕಾಂಟ್ಯಾಕ್ಟ್ ಅಂಟು ತಾಗಿದ ಕ್ಷಣವೇ ಹಿಡಿಯುತ್ತದೆ. ಹಾಳೆ ಸೊಟ್ಟ ಕೂತರೆ ಕೂತ ಹಾಗೇ. ಜೊತೆಗೆ, ಆಮೇಲೆ ಹಚ್ಚುವ ಎಣ್ಣೆಯಲ್ಲಿನ ಥಿನ್ನರ್ ತೆಳು ಹಾಳೆಯೊಳಗೆ ಇಳಿದು ಅಂಟನ್ನು ಸಡಿಲಿಸಿ ಗುಳ್ಳೆ ಎಬ್ಬಿಸಬಹುದು. ಹೊಸಬರಿಗೆ ನಾನು ಹೇಳುವುದು ಬಡಗಿಗಳು ಬಳಸುವ ಬಿಳಿ ಅಂಟು ಮತ್ತು ಇಸ್ತ್ರಿ ಪೆಟ್ಟಿಗೆ. ಒಣಗಿದ ಬಿಳಿ ಅಂಟು ಬಿಸಿಗೆ ಮತ್ತೆ ಮೆದುವಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಅಂದರೆ ತಪ್ಪಿದರೂ ತಿದ್ದಲು ಅವಕಾಶವಿದೆ.

ಹಾಳೆಯ ಹಿಂಬದಿಗೂ ಹಲಗೆಗೂ ಅಂಟನ್ನು ತೆಳ್ಳಗೆ, ಸಮನಾಗಿ ಬಳಿಯಿರಿ. ಹಲಗೆ ಹೀರಿಕೊಳ್ಳುವುದರಿಂದ ಅದಕ್ಕೆ ಎರಡು ಕೈ ಬೇಕು. ಹಾಳೆ ಸುರುಳಿಯಾಗತೊಡಗಿದರೆ ಗಾಬರಿ ಬೇಡ, ಅದರ ಮುಂಬದಿಗೆ ಒಂದಿಷ್ಟು ನೀರು ಚಿಮುಕಿಸಿ. ಅಂಟಿನ ಬಿಳಿ ಬಣ್ಣ ಪೂರ್ತಿ ಹೋಗಿ, ಮುಟ್ಟಿದರೆ ಬೆರಳಿಗೆ ಹತ್ತದಂತಾಗುವವರೆಗೆ ಕಾಯಿರಿ.

ಮೊದಲು ತಳ, ಆಮೇಲೆ ಎರಡು ಪಕ್ಕ, ಕೊನೆಗೆ ಮೇಲ್ಭಾಗ. ಹೀಗೆ ಮಾಡಿದರೆ ಪಕ್ಕದ ಹಾಳೆಗಳ ಅಂಚು ಮೇಲಿನ ಹಾಳೆಯಡಿ ಅಡಗುತ್ತದೆ. ಇಸ್ತ್ರಿಯನ್ನು ಹತ್ತಿಬಟ್ಟೆಯ ಬಿಸಿಗೆ ಇಡಿ, ಹಬೆ ಬೇಡ. ನಡುವೆ ಒಂದು ಖಾಲಿ ಕಾಗದ ಇರಲಿ. ಮಧ್ಯದಿಂದ ಅಂಚಿನ ಕಡೆಗೆ ನಿಧಾನವಾಗಿ ಒತ್ತುತ್ತಾ ಹೋಗಿ, ಇಸ್ತ್ರಿಯ ಹಿಂದೆಯೇ ಮರದ ತುಂಡಿನಿಂದ ಆರುವ ತನಕ ಅದುಮಿ. ಮುಗಿದ ಮೇಲೆ ಉಗುರಿನಿಂದ ತಟ್ಟಿ ಕೇಳಿ. ಪೊಳ್ಳು ಸದ್ದು ಬಂದ ಕಡೆ ಹಿಡಿದಿಲ್ಲ, ಮತ್ತೆ ಇಸ್ತ್ರಿ ಹಾಕಿ. ಆಗಲೂ ಜಗ್ಗದ ಗುಳ್ಳೆಯನ್ನು ನಾರಿನ ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಒಂದು ಹನಿ ಅಂಟು ತೂರಿಸಿ ಒತ್ತಿದರೆ ಆಯಿತು.

ಬಿಸಿಗೆ ಹಾಳೆ ಅಡ್ಡಕ್ಕೆ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ 10 ಮಿಲಿಮೀಟರ್ ಬಿಟ್ಟಿದ್ದು. ಒಂದು ಹಾಳೆ ಪೂರ್ತಿ ಆರಿದ ಮೇಲೆ ಆ ಮುಖವನ್ನು ಕೆಳಗೆ ಮಾಡಿ, ಬೇಡದ ಹಲಗೆಯ ಮೇಲಿಟ್ಟು, ಹೊರಚಾಚಿದ್ದನ್ನು ಪೆಟ್ಟಿಗೆಗೆ ಒತ್ತಿ ಕೊಯ್ಯಿರಿ. ಮುಂದಿನದನ್ನು ಅಂಟಿಸುವುದು ಇದಾದ ಮೇಲೆಯೇ.

ಉಜ್ಜಲು 180ರ ಸ್ಯಾಂಡ್‌ಪೇಪರ್, ಆಮೇಲೆ 240. ಕೈಯಲ್ಲೇ, ನಾರಿನ ಉದ್ದಕ್ಕೆ. ಮೆಷಿನ್ ಹಿಡಿದರೆ ಅಂಚಿನ ವಿನೀರ್ ಕಣ್ಣೆದುರೇ ಮಾಯವಾಗುತ್ತದೆ. ಮುಗಿಸಲು ಮರದ ಎಣ್ಣೆ ಮೂರು ಕೈ, ಪ್ರತಿ ಸಲವೂ ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಇರುವ ಬಟ್ಟೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ.

ಸ್ಪೀಕರ್‌ಗಳನ್ನು ಮತ್ತೆ ಕೂರಿಸುವಾಗ ಸ್ಕ್ರೂ ತೂತು ಸಡಿಲವಾಗಿದ್ದರೆ, ಅಂಟು ಸವರಿದ ಬೆಂಕಿಕಡ್ಡಿಯ ತುಂಡು ತುರುಕಿ. ಕೊನೆಗೆ, ಪೆಟ್ಟಿಗೆಯ ಹಿಂದಿನ ಪ್ಲಸ್‌ಗೆ ಪ್ಲಸ್ ಸೇರುವಂತೆ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ ನೋಡಿ. ಎರಡೂ ಪೆಟ್ಟಿಗೆಯ ದೊಡ್ಡ ಕೋನ್‌ಗಳು ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಹೊರಗೆ, ಇನ್ನೊಂದು ಒಳಗೆ ಹೋದರೆ ವೈರ್ ಅದಲುಬದಲಾಗಿದೆ, ಮತ್ತೆ ಬಿಚ್ಚಬೇಕು. ಹೊಸ ಅಂಚಿಗೆ ಸ್ಕ್ರೂಡ್ರೈವರ್ ತಾಗದ ಹಾಗೆ.