ಕತ್ತಿನ ಸುಕ್ಕಿಗೆ ಚಿಕಿತ್ಸೆ: ಮೊದಲು ಕನ್ನಡಿ, ಆಮೇಲೆ ಕ್ಲಿನಿಕ್ಕು

ಮಗಳ ಮದುವೆಗೆ 16 ದಿನ ಇರುವಾಗ ನಮ್ಮ ಚಿಕ್ಕಮ್ಮ ಕತ್ತಿಗೆ ಲೇಸರ್ ಮಾಡಿಸಿಕೊಂಡು ಬಂದರು. ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ಕಂಡ ಅರ್ಧ ಬೆಲೆಯ ಆಫರ್ ನೋಡಿ ಮುಂಗಡ ಕಟ್ಟಿದ್ದರು. ವಾರದೊಳಗೆ ಲೇಸರ್ ತಾಗಿದ ಕಡೆಯಲ್ಲೆಲ್ಲ ಚೌಕ ಚೌಕವಾಗಿ ಕಂದು ಕಲೆ ಎದ್ದಿತು. ಧಾರೆಯ ದಿನ ರೇಷ್ಮೆ ಸೀರೆಗೆ ಕತ್ತು ಮುಚ್ಚುವಂತೆ ಕಾಲರ್ ರವಿಕೆ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಲೆ ಮಾಸಲು ಎಂಟು ತಿಂಗಳು ಹಿಡಿಯಿತು. ಅವರ ಕತ್ತಿನಲ್ಲಿ ಇದ್ದದ್ದು ಸ್ನಾಯುವಿನ ಪಟ್ಟಿ. ಲೇಸರ್ ಅದಕ್ಕೆ ಮದ್ದೇ ಆಗಿರಲಿಲ್ಲ.

ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ 12 ವರ್ಷ ಕೆಲಸ ಮಾಡಿದ್ದೇನೆ. ಬರುವವರು ಬಾಗಿಲಲ್ಲೇ ‘ಹೈಫು (ಅಲ್ಟ್ರಾಸೌಂಡಿನಿಂದ ಚರ್ಮ ಬಿಗಿಸುವುದು) ಎಷ್ಟಾಗತ್ತೆ?’, ‘ಬೊಟಾಕ್ಸ್ ಮಾಡ್ತೀರಾ?’ ಎಂದು ಕೇಳುತ್ತಾರೆ. ತಮ್ಮ ಕತ್ತಿನಲ್ಲಿರುವುದು ಯಾವ ಬಗೆಯ ಸುಕ್ಕು ಎಂದು ಕೇಳುವವರು ಬಹಳ ಕಡಿಮೆ. ಹಣ ಹಾಳಾಗುವುದು, ಕತ್ತು ಸುಡುವುದು ಎರಡೂ ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಕತ್ತಿನ ಚರ್ಮ ಮುಖದ ಚರ್ಮಕ್ಕಿಂತ ತೆಳು, ಎಣ್ಣೆ ಗ್ರಂಥಿಗಳೂ ಕಡಿಮೆ. ಸುಟ್ಟ ಚರ್ಮ ಮತ್ತೆ ಚಿಗುರುವುದು ಕೂದಲ ಬುಡ ಮತ್ತು ಗ್ರಂಥಿಗಳಿಂದ. ಅವು ಕಡಿಮೆ ಇರುವ ಕಡೆ ಗಾಯ ನಿಧಾನವಾಗಿ ಮಾಯುತ್ತದೆ, ಕಲೆ ಉಳಿಯುತ್ತದೆ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮಕ್ಕಂತೂ ಉರಿಯಾದಲ್ಲೆಲ್ಲ ಕಪ್ಪಾಗುವ ಗುಣ. ಮುಖಕ್ಕೆ ಒಗ್ಗಿದ ಪೀಲಿಂಗ್, ಲೇಸರ್ ಕತ್ತಿಗೂ ಒಗ್ಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಂತ 1: ಕನ್ನಡಿಯ ಮುಂದೆ ಅರ್ಧ ಗಂಟೆ

ಬೆಳಗ್ಗೆ, ಕಿಟಕಿ ಪಕ್ಕದ ಬೆಳಕಿನಲ್ಲಿ, ಸರ ತೆಗೆದು, ಕ್ರೀಮು ಪೌಡರು ಏನೂ ಇಲ್ಲದೆ ನಿಲ್ಲಿ. ಬಾತ್‌ರೂಮಿನ ದೀಪ ಬೇಡ, ಮೇಲಿನಿಂದ ಬೀಳುವ ಬೆಳಕು ಇಲ್ಲದ ಸುಕ್ಕನ್ನೂ ತೋರಿಸುತ್ತದೆ.

ಮೊದಲು ಅಡ್ಡಗೆರೆ ನೋಡಿ. ಸರ ಹಾಕಿದಂತೆ ಕತ್ತನ್ನು ಸುತ್ತುವ ಗೆರೆಗಳಿವು. ಕೆಲವರಿಗೆ ಚಿಕ್ಕಂದಿನಿಂದಲೇ ಇರುತ್ತವೆ, ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಫೋಟೋ ತೆಗೆದು ನೋಡಿ. ಇಪ್ಪತ್ತರ ವಯಸ್ಸಿನ ಫೋಟೋದಲ್ಲೂ ಅದೇ ಗೆರೆ ಇದ್ದರೆ ಅದು ನಿಮ್ಮ ಕತ್ತಿನ ಕಟ್ಟು. ನಾನಾಗಿದ್ದರೆ ಅದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡುವುದಿಲ್ಲ.

ಈಗ ಹಲ್ಲು ಕಚ್ಚಿ, ಬಾಯಿಯ ಎರಡೂ ಮೂಲೆಯನ್ನು ಕೆಳಕ್ಕೆಳೆದು ಜೋರಾಗಿ ‘ಈ...’ ಎನ್ನಿ. ಗದ್ದದಿಂದ ಕೊರಳೆಲುಬಿನವರೆಗೆ ಹಗ್ಗ ಬಿಗಿದಂತೆ ಉದ್ದ ಪಟ್ಟಿಗಳು ಎದ್ದರೆ ಅದು ಪ್ಲಾಟಿಸ್ಮಾ ಎಂಬ ತೆಳು ಸ್ನಾಯುವಿನದು. ಸುಮ್ಮನೆ ನಿಂತಾಗಲೂ ಆ ಪಟ್ಟಿ ಕಾಣುತ್ತದೆಯೇ, ‘ಈ’ ಎಂದಾಗ ಮಾತ್ರವೇ? ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ಇದು ಮುಖ್ಯ.

ಮೂರನೆಯದು ನಿರಿಗೆ. ಕಾಯಿಸಿದ ಹಾಲಿನ ಕೆನೆಯನ್ನು ಬೆರಳಿನಿಂದ ತಳ್ಳಿದರೆ ಹೇಗೆ ಸಣ್ಣಗೆ ನಿರಿಗೆಗಟ್ಟುತ್ತದೋ ಹಾಗೆ, ಕತ್ತಿನ ಚರ್ಮವನ್ನು ಮೆಲ್ಲಗೆ ಒತ್ತಿದಾಗ ಆದರೆ ಅದು ಹೆಚ್ಚಾಗಿ ಬಿಸಿಲಿನ ಕೆಲಸ. ಸ್ಕೂಟರ್ ಓಡಿಸುವವರಿಗೆ, ಹೊಲದಲ್ಲಿ ದುಡಿಯುವವರಿಗೆ ಇದು ಬೇಗ ಬರುತ್ತದೆ.

ನಾಲ್ಕನೆಯದಕ್ಕೆ ಮಂಚದ ಮೇಲೆ ಅಂಗಾತ ಮಲಗಿ, ಕೈಗನ್ನಡಿ ಮುಖದ ಮೇಲೆ ಹಿಡಿಯಿರಿ. ನಿಂತಾಗ ಜೋತಿದ್ದ ಕತ್ತು ಮಲಗಿದಾಗ ನೆಟ್ಟಗಾದರೆ ಚರ್ಮ ಸಡಿಲಾಗಿದೆ ಎಂದರ್ಥ. ಮಲಗಿದರೂ ಗದ್ದದ ಕೆಳಗೆ ಹೆಬ್ಬೆರಳು ತೋರುಬೆರಳಿಗೆ ದಪ್ಪಗೆ ಸಿಕ್ಕುವುದು ಕೊಬ್ಬು.

ಕೊನೆಯದನ್ನು ದಯವಿಟ್ಟು ಕಡೆಗಣಿಸಬೇಡಿ. ಕತ್ತಿನ ಹಿಂದೆ, ಪಕ್ಕದಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿ, ಗೆರೆ ಗೆರೆಯಾಗಿದ್ದರೆ ಅದು ಸುಕ್ಕೂ ಅಲ್ಲ, ಕೊಳೆಯೂ ಅಲ್ಲ. ತಿಕ್ಕಿ ತಿಕ್ಕಿ ತೊಳೆದು ರಕ್ತ ಬರಿಸಿಕೊಂಡು ಬಂದ ಕಾಲೇಜು ಹುಡುಗಿಯರನ್ನು ನೋಡಿದ್ದೇನೆ. ಇದರ ಹೆಸರು ಅಕಾಂಥೋಸಿಸ್ ನೈಗ್ರಿಕಾನ್ಸ್. ಹೆಚ್ಚಿನವರಲ್ಲಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಸೂಚನೆ. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ತೂಕ ಇಳಿದಂತೆ ಇದೂ ತಿಳಿಯಾಗುತ್ತದೆ.

ಒಬ್ಬರಲ್ಲೇ ಎರಡು ಮೂರು ಬಗೆ ಸೇರಿರಬಹುದು. ಯಾವುದು ನಿಮಗೆ ಹೆಚ್ಚು ಬೇಸರ ತರುತ್ತದೆ ಎಂದು ಗುರುತು ಹಾಕಿ, ಅದೇ ಬೆಳಕಿನಲ್ಲಿ ಎದುರಿನಿಂದಲೂ ಎರಡು ಪಕ್ಕದಿಂದಲೂ ಫೋಟೋ ತೆಗೆಸಿಡಿ.

ಹಂತ 2: ನಾಲ್ಕು ತಿಂಗಳು ಮನೆಮದ್ದಿನ ಬದಲು ಮದ್ದು

ದಿನವೂ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಕತ್ತಿನ ಹಿಂಭಾಗಕ್ಕೂ ಸೇರಿಸಿ. ರಾತ್ರಿ, ಡಾಕ್ಟರ ಚೀಟಿಯಂತೆ, ಶೇ 0.025 ಟ್ರೆಟಿನಾಯಿನ್ ಕ್ರೀಮು. ಕತ್ತು ಬೇಗ ಉರಿಯುವುದರಿಂದ ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇಡೀ ಕತ್ತಿಗೆ ಕಡಲೆಕಾಳಿನಷ್ಟೇ ಕ್ರೀಮು. ಬಸುರಿಯರು, ಮಗು ಬಯಸುತ್ತಿರುವವರು ಹಚ್ಚಲೇಬಾರದು. ನಿಂಬೆರಸ, ಸೋಡಾ ಪುಡಿ ಯಾರಿಗೂ ಬೇಡ.

ಅಂಗಡಿಯಲ್ಲಿ ‘ನೆಕ್ ಕ್ರೀಮು’ ಎಂದು ದುಬಾರಿ ಬೆಲೆಗೆ ಸಿಗುವುದರಲ್ಲಿ ಹೆಚ್ಚಿನವು ಬರೀ ಮಾಯಿಶ್ಚರೈಸರ್. ಅದಕ್ಕಿಂತ ಕೆಟ್ಟದ್ದು, ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಬೆಳ್ಳಗಾಗುವ ಟ್ಯೂಬು. ಹಿಂಬದಿಯಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳ್ಳಗಾಗಿ ಸುಕ್ಕು ಹೆಚ್ಚುತ್ತದೆ. ಕೇಂದ್ರ ಸರ್ಕಾರ 2018ರಲ್ಲೇ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿದೆ. ಆದರೂ ಕೌಂಟರಿನಲ್ಲಿ ಸಿಗುತ್ತಲೇ ಇವೆ.

ನಾಲ್ಕು ತಿಂಗಳ ನಂತರ ಅದೇ ಕಿಟಕಿಯ ಪಕ್ಕ ನಿಂತು ಫೋಟೋ ತೆಗೆದು ಹೋಲಿಸಿ. ನಿರಿಗೆಯವರಲ್ಲಿ ಎಷ್ಟೋ ಮಂದಿ ಇಲ್ಲಿಗೇ ಸಾಕು ಎಂದದ್ದುಂಟು.

ಹಂತ 3: ಸುಕ್ಕಿಗೆ ತಕ್ಕ ಚಿಕಿತ್ಸೆ

ಉದ್ದ ಪಟ್ಟಿಗೆ ಬೊಟಾಕ್ಸ್. ಸೂಜಿಮದ್ದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಎರಡು ವಾರದೊಳಗೆ ಫಲ ಕಾಣುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪಟ್ಟಿಗಳಿಗೆ ಇದನ್ನು ಒಪ್ಪಿದ್ದು 2024ರ ಅಕ್ಟೋಬರಿನಲ್ಲಷ್ಟೇ. ಜೋತುಬಿದ್ದ ಚರ್ಮವನ್ನು ಇದು ಎತ್ತುವುದಿಲ್ಲ. ಮದ್ದು ಆಳಕ್ಕೆ ಹೋದರೆ, ಹೆಚ್ಚಾದರೆ ನುಂಗುವುದು ಕಷ್ಟವಾಗಬಹುದು, ಧ್ವನಿ ಬದಲಾಗಬಹುದು. ಸಂಗೀತ ಹಾಡುವವರು, ಪಾಠ ಹೇಳುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಆಳದ ಅಡ್ಡಗೆರೆಗೆ ತೆಳುವಾದ ಹಯಲುರಾನಿಕ್ ಆಸಿಡ್ ಫಿಲ್ಲರ್, ಅಂದರೆ ಸೂಜಿಯಿಂದ ಚರ್ಮದಡಿ ತುಂಬುವ ಜೆಲ್. ದಪ್ಪ ಫಿಲ್ಲರನ್ನು ಮೇಲ್ಪದರಕ್ಕೆ ಹಾಕಿದರೆ ಗಂಟು ಗಂಟಾಗಿ, ನೀಲಿ ಛಾಯೆ ಕಾಣುತ್ತದೆ. ಒಂದು ಸಮಾಧಾನವೆಂದರೆ ಹಯಲುರಾನಿಡೇಸ್ ಎಂಬ ಮದ್ದಿನಿಂದ ಅದನ್ನು ಕರಗಿಸಬಹುದು. ಕರಗದ, ‘ಪರ್ಮನೆಂಟ್’ ಫಿಲ್ಲರ್ ಹಾಕುತ್ತೇವೆ ಎಂದರೆ ಎದ್ದು ಬನ್ನಿ.

ನಿರಿಗೆ ಹಾಗೂ ಅಲ್ಪ ಸಡಿಲಕ್ಕೆ ಎಂಎನ್‌ಆರ್‌ಎಫ್, ಅಂದರೆ ಸಣ್ಣ ಸೂಜಿಗಳ ಮೂಲಕ ಶಾಖ ಕೊಡುವ ಚಿಕಿತ್ಸೆ. ಪಳಗಿದ ಕೈಯಲ್ಲಿ ಒಳ್ಳೆಯ ಫಲ ಕೊಡುತ್ತದೆ, ಪಳಗದ ಕೈಯಲ್ಲಿ ಸುಡುತ್ತದೆ. ಸುಟ್ಟಗಾಯ, ಕಲೆ, ನರಕ್ಕೆ ಪೆಟ್ಟು ಆದ ದೂರುಗಳು ಬಂದು ಎಫ್‌ಡಿಎ 2025ರ ಅಕ್ಟೋಬರಿನಲ್ಲಿ ಎಚ್ಚರಿಕೆ ಹೊರಡಿಸಿದೆ. ಇನ್ನು ಅಲ್ಟ್ರಾಸೌಂಡ್: ಅಲ್ತೆರಪಿ ಎಂಬ ಯಂತ್ರಕ್ಕೆ ಗದ್ದ ಮತ್ತು ಕತ್ತಿನ ಚರ್ಮ ಎತ್ತಲು 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೇ ತತ್ವದ ಹೆಸರಿನಲ್ಲಿ ಇಲ್ಲಿ ಪಾರ್ಲರುಗಳಲ್ಲೂ ‘ಹೈಫು’ ನಡೆಯುತ್ತಿದೆ. ಯಂತ್ರದ ಕಂಪನಿ ಯಾವುದು, ಯಾವ ಅನುಮತಿ ಇದೆ ಎಂದು ಕೇಳದೆ ಮಲಗಬೇಡಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು.

ಕೊಬ್ಬಿಗೆ ಅದನ್ನು ಕರಗಿಸುವ ಡಿಆಕ್ಸಿಕೋಲಿಕ್ ಆಸಿಡ್ ಇಂಜೆಕ್ಷನ್ ಅಥವಾ ಹೀರಿ ತೆಗೆಯುವ ಲೈಪೋಸಕ್ಷನ್. ಪೂರ್ತಿ ಜೋತುಬಿದ್ದ ಕತ್ತಿಗೆ ಪ್ಲಾಸ್ಟಿಕ್ ಸರ್ಜನ್ನರ ಶಸ್ತ್ರಚಿಕಿತ್ಸೆ ಒಂದೇ ದಾರಿ. ಅಂಥವರಿಗೆ ಆರು ಸಿಟ್ಟಿಂಗಿನ ಪ್ಯಾಕೇಜು ಮಾರುವುದು ಅನ್ಯಾಯ. ದಾರ ಎಳೆಯುವ ಥ್ರೆಡ್ ಲಿಫ್ಟನ್ನು ಕತ್ತಿಗೆ ನಾನು ಯಾರಿಗೂ ಹೇಳುವುದಿಲ್ಲ, ಫಲ ಅಲ್ಪಕಾಲದ್ದು.

ಹಂತ 4: ಡಾಕ್ಟರ ಎದುರು ಕೂತಾಗ

ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದ ಚರ್ಮವೈದ್ಯರು, ಇಲ್ಲವೇ ಎಂ.ಸಿಎಚ್. ಮಾಡಿದ ಪ್ಲಾಸ್ಟಿಕ್ ಸರ್ಜನ್. ‘ಕಾಸ್ಮೆಟಾಲಜಿಸ್ಟ್’ ಎಂದಷ್ಟೇ ಬೋರ್ಡಿದ್ದರೆ ಸಾಲದು. ಗೋಡೆಯ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಹುಡುಕಿ.

ಸೂಜಿ ಹಿಡಿಯುವವರು ನೀವೇನಾ, ಬೇರೆಯವರಾ ಎಂದು ಡಾಕ್ಟರನ್ನೇ ಕೇಳಿ. ನನ್ನಂಥ ಬಣ್ಣದವರ ಕತ್ತಿನ ಫೋಟೋ ತೋರಿಸಿ ಎನ್ನಿ. ಬೊಟಾಕ್ಸ್ ಶೀಶೆಯನ್ನು ಫ್ರಿಜ್ಜಿನಿಂದ ನಿಮ್ಮೆದುರೇ ತೆಗೆಯಲಿ, ಎಷ್ಟು ಯೂನಿಟ್ ಎಂದು ಬರೆದುಕೊಡಲಿ. ಒಂದು ಕಂಪನಿಯ ಯೂನಿಟ್ಟು ಇನ್ನೊಂದಕ್ಕೆ ಸಮವಲ್ಲ, ಹಾಗಾಗಿ ಹೆಸರೂ ಇರಲಿ. ಬ್ಯಾಚ್ ನಂಬರಿನ ಸ್ಟಿಕ್ಕರನ್ನು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಮುನಿಸಿಕೊಂಡದ್ದನ್ನು ನಾನು ನೋಡಿಲ್ಲ. ಗಾಯದ ಕಲೆ ಉಬ್ಬುವ ಕೀಲಾಯ್ಡ್ ಗುಣ, ರಕ್ತ ತೆಳುವಾಗಿಸುವ ಮಾತ್ರೆ, ಮೊಡವೆಗೆಂದು ನುಂಗುತ್ತಿರುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ.

ಅಂದೇ ಹಣ ಕಟ್ಟಬೇಡಿ. ಸೌಂದರ್ಯ ಚಿಕಿತ್ಸೆಗೆ ಶೇ 18 ಜಿಎಸ್‌ಟಿ ಸೇರುತ್ತದೆ, ವಿಮೆ ಸಾಮಾನ್ಯವಾಗಿ ಬರುವುದಿಲ್ಲ. ಮದುವೆ, ಗೃಹಪ್ರವೇಶ ಇದ್ದರೆ ಕನಿಷ್ಠ ನಾಲ್ಕು ತಿಂಗಳು ಮೊದಲು ಶುರು ಮಾಡಿ.

ಹಂತ 5: ಮಾಡಿಸಿಕೊಂಡ ಮೇಲೆ

ಶಾಖದ ಚಿಕಿತ್ಸೆಯಾಗಿದ್ದರೆ ಕೆಂಪು ಇಳಿಯುವವರೆಗೆ ಬಿಸಿಲು, ಸೆಂಟು, ಹೇರ್‌ಡೈ, ಉಜ್ಜುವ ಸರ ಬೇಡ. ಕರಿಮಣಿ ತೆಗೆಯಲು ಮನಸ್ಸು ಒಪ್ಪದೆ ಎಷ್ಟೋ ಹೆಂಗಸರು ಚಿಕಿತ್ಸೆಯನ್ನೇ ಮುಂದೂಡುತ್ತಿದ್ದರು. ಅಂಥವರಿಗೆ ನಾನು ಅದನ್ನು ಎರಡು ಸುತ್ತು ಮಾಡಿ ಬಲಗೈ ಮಣಿಕಟ್ಟಿಗೆ ಕಟ್ಟಿಕೊಡುತ್ತಿದ್ದೆ, ಮನೆಯಲ್ಲೂ ಮೂರು ದಿನ ಹಾಗೇ ಇರಲಿ ಎನ್ನುತ್ತಿದ್ದೆ. ಗುಳ್ಳೆ ಎದ್ದರೆ, ಚೌಕವಾಗಿ ಕಪ್ಪಾಗತೊಡಗಿದರೆ ಅದೇ ದಿನ ಡಾಕ್ಟರಿಗೆ ಫೋಟೋ ಕಳಿಸಿ. ಬೊಟಾಕ್ಸ್ ನಂತರ ನೀರು ನುಂಗುವಾಗ ನೆತ್ತಿಗೇರುತ್ತಿದ್ದರೆ, ಉಸಿರು ಕಟ್ಟಿದಂತಾದರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತ ಕೂರದೆ ನೇರ ದೊಡ್ಡಾಸ್ಪತ್ರೆಗೆ ಹೋಗಿ, ಫೈಲಿನಲ್ಲಿ ಅಂಟಿಸಿದ ಆ ಸ್ಟಿಕ್ಕರನ್ನು ತೋರಿಸಿ.